ಕೋಳಿ ಶೆಡ್ಡಿಗೆ ಯಾವ ಹೊಟ್ಟು ಹಾಕೋದು? ಅಗ್ಗದ ಹಾಸಿನ ಅಸಲಿ ಲೆಕ್ಕ

ಹೊಸದಾಗಿ ಕೋಳಿ ಸಾಕೋಕೆ ಹೊರಟವರು ಮರಿ ಎಲ್ಲಿ ಸಿಗುತ್ತೆ, ಫೀಡ್ ಯಾವುದು ಹಾಕ್ಬೇಕು ಅಂತ ಹತ್ತು ಕಡೆ ವಿಚಾರಿಸ್ತಾರೆ. ನೆಲಕ್ಕೆ ಹಾಸೋ ಹೊಟ್ಟಿನ ವಿಷಯ ಬಂದಾಗ ಮಾತ್ರ "ಅದೇನ್ ಬಿಡಿ, ಏನೋ ಒಂದು ಹಾಕಿದ್ರಾಯ್ತು" ಅಂದ್ಬಿಡ್ತಾರೆ. ನಾನೂ ಹಾಗೇ ಅಂದವನು. ಅದಕ್ಕೇ ಈ ವಾರ ತಳಿ, ಲಸಿಕೆ ಎಲ್ಲ ಪಕ್ಕಕ್ಕಿಟ್ಟು ಬರೀ ಹಾಸಿನ ಬಗ್ಗೆ ಬರೀತಿದ್ದೀನಿ. ಲಿಟ್ಟರ್ ಅಂತಾರಲ್ಲ, ಅದೇ.

ನಮ್ಮೂರು ತಿಪಟೂರು ಕಡೆ. ತೆಂಗು, ಒಂದಿಷ್ಟು ರಾಗಿ, ಮನೆ ಮುಂದೆ ನಾಲ್ಕು ನಾಟಿ ಕೋಳಿ. ಅಮ್ಮ ಮಹಿಳಾ ಸಂಘದಲ್ಲಿ ಸಾಲ ತೆಗೆದುಕೊಟ್ಟ ದುಡ್ಡಲ್ಲಿ ಮೊದಲ ಸಲ 200 ಗಿರಿರಾಜ ಮರಿ ತಂದೆ. ಶೆಡ್ಡು, ಜಾಲರಿ, ಬ್ರೂಡರ್ ಬಲ್ಬು, ಡ್ರಿಂಕರ್ ಅಂತ ದುಡ್ಡೆಲ್ಲ ಖಾಲಿ. ಭತ್ತದ ಹೊಟ್ಟು ನಮ್ಮ ಕಡೆ ಹತ್ತಿರದಲ್ಲಿ ಸಿಗಲ್ಲ, ಗಾಡಿ ಬಾಡಿಗೆ ಸೇರಿ ಚೀಲಕ್ಕೆ 120 ರೂಪಾಯಿ ಬೀಳುತ್ತೆ ಅಂದ್ರು. ಅಷ್ಟರಲ್ಲಿ ಒಂದು ಸಾಮಿಲ್‌ನಲ್ಲಿ ಮರದ ಪುಡಿ ಪುಕ್ಕಟೆ ಸಿಗುತ್ತೆ ಅಂತ ಗೊತ್ತಾಯ್ತು. "ಎಷ್ಟು ಬೇಕಾದ್ರೂ ತುಂಬ್ಕೊಂಡ್ ಹೋಗಪ್ಪ, ಜಾಗ ಖಾಲಿಯಾದ್ರೆ ಸಾಕು" ಅಂದ್ರು ಅಲ್ಲಿನವರು. ಖುಷಿಯಾಗಿ ತುಂಬ್ಕೊಂಡು ಬಂದೆ.

ಆ ರಾಶಿ ಬಯಲಲ್ಲಿ ಬಿದ್ದಿತ್ತು. ಮೇಲೆ ಒಣಗಿತ್ತು, ಒಳಗೆ ಮಳೆ ನೀರು ಇಳಿದು ಕಪ್ಪಾಗಿತ್ತು. ಒಂದು ದಿನ ಬಿಸಿಲಿಗೆ ಹರವಿ, "ಬಲ್ಬಿನ ಶಾಖಕ್ಕೆ ಉಳಿದಿದ್ದು ಒಣಗುತ್ತೆ" ಅಂದ್ಕೊಂಡು ಹಾಸಿಬಿಟ್ಟೆ. ಐದನೇ ದಿನಕ್ಕೆ ಮರಿಗಳು ಕತ್ತು ಚಾಚಿ, ಬಾಯಿ ತೆರೆದು ಉಸಿರೆಳೆಯೋಕೆ ಶುರು ಮಾಡಿದ್ವು. ಶೀತ ಆದಾಗ ಬರೋ ಗೊರಗೊರ ಸದ್ದು ಇರಲಿಲ್ಲ. ಸದ್ದಿಲ್ಲದೆ ಬಾಯಿ ತೆರೆಯೋದು, ಮುಚ್ಚೋದು. ನಾನು ಶೀತವೇ ಇರಬೇಕು ಅಂತ ಇನ್ನೊಂದು ಬಲ್ಬು ಹಾಕಿದೆ. ತೇವದ ಪುಡಿ, ಮೇಲಿಂದ ಇನ್ನಷ್ಟು ಶಾಖ. ಬೂಷ್ಟಿಗೆ ಅದಕ್ಕಿಂತ ಹಬ್ಬ ಬೇಕಾ?

ಪಶು ಆಸ್ಪತ್ರೆಗೆ ಸತ್ತ ಮರಿ ತಗೊಂಡು ಹೋದಾಗ ಡಾಕ್ಟ್ರು ಅಲ್ಲೇ ಕೊಯ್ದು ತೋರಿಸಿದ್ರು. ಶ್ವಾಸಕೋಶದ ತುಂಬ ರಾಗಿ ಕಾಳಿನಷ್ಟು ಹಳದಿ-ಬಿಳಿ ಗಂಟುಗಳು. "ಕೆಳಗೆ ಏನ್ ಹಾಸಿದೀಯಪ್ಪ?" ಅಂತ ಕೇಳಿದ್ರು. ಹೇಳಿದೆ. "ಇದು ಬೂಷ್ಟಿನ ರೋಗ, ಆಸ್ಪರ್ಜಿಲೋಸಿಸ್. ಹಾಸಿನಲ್ಲಿರೋ ಶಿಲೀಂಧ್ರದ ಬೀಜಾಣು ಉಸಿರಲ್ಲಿ ಒಳಗೆ ಹೋಗಿದೆ. ಇದಕ್ಕೆ ಔಷಧಿ ಕೊಟ್ಟು ಉಳಿಸೋದು ಕಷ್ಟ. ಇರೋ ಮರಿಗಳನ್ನ ಇವತ್ತೇ ಬೇರೆ ಕಡೆ ಹಾಕು" ಅಂದ್ರು.

ಹತ್ತು ದಿನದಲ್ಲಿ 63 ಮರಿ ಹೋದವು. ಒಂದಕ್ಕೆ 35 ರೂಪಾಯಿಯಂತೆ 2,205 ರೂಪಾಯಿ. ಅವು ಬೆಳೆದಿದ್ರೆ ಬರ್ತಿದ್ದ ದುಡ್ಡಿನ ಮಾತು ಬಿಡಿ. ಇಷ್ಟಕ್ಕೂ ನಾನು ಉಳಿಸಿದ್ದು ಎಷ್ಟು ಗೊತ್ತಾ? ಮೂರು ಚೀಲ ಹೊಟ್ಟಿನ ದುಡ್ಡು. 360 ರೂಪಾಯಿ. ಅಮ್ಮ ಬೈಯಲಿಲ್ಲ. ಸಂಘದ ಕಂತು ಕಟ್ಟೋ ದಿನ "ಪುಡಿ ಪುಕ್ಕಟೆ ಅಲ್ವೇನೋ" ಅಂದ್ಲು, ಅಷ್ಟೇ.

ಮೊದಲು ಎಷ್ಟು ಬೇಕು ಅಂತ ನೋಡಿ

ಮೂರೇ ಚೀಲ ಹೇಗೆ ಅಂತೀರಾ? ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಬ್ರೂಡಿಂಗ್‌ನಲ್ಲಿ ಮರಿಗೆ ಅರ್ಧ ಚದರ ಅಡಿ ಸಾಕು. 200 ಮರಿಗೆ 100 ಚದರ ಅಡಿ. ಎರಡು ಇಂಚು ದಪ್ಪ ಹಾಸಿದರೆ ಹತ್ತಿರ ಹತ್ತಿರ 17 ಘನ ಅಡಿ. ಒಣಗಿದ ಭತ್ತದ ಹೊಟ್ಟು ಒಂದು ಘನ ಅಡಿಗೆ ಹೆಚ್ಚುಕಡಿಮೆ 3 ಕೆಜಿ ತೂಗುತ್ತೆ. ಅಲ್ಲಿಗೆ 50 ಕೆಜಿ. ದೊಡ್ಡ ಗೋಣಿಚೀಲದಲ್ಲಿ 15ರಿಂದ 17 ಕೆಜಿ ಹೊಟ್ಟು ಹಿಡಿಯುತ್ತೆ. ಮೂರು ಚೀಲ ಆಯ್ತಲ್ಲ.

ಅದೇ ಮರಿ ದೊಡ್ಡದಾದ ಮೇಲೆ ಗಿರಿರಾಜದಂಥ ದಪ್ಪ ಕೋಳಿಗೆ ಎರಡು ಚದರ ಅಡಿ ಲೆಕ್ಕ ಹಿಡೀರಿ. 400 ಚದರ ಅಡಿ, ಮೂರು ಇಂಚು ದಪ್ಪ, ಅಂದ್ರೆ 100 ಘನ ಅಡಿ. ಸುಮಾರು 300 ಕೆಜಿ, 18ರಿಂದ 20 ಚೀಲ. ದುಡ್ಡು ಉಳಿಸಬೇಕಾದ್ದು ಈ ಎರಡನೇ ಹಂತದಲ್ಲಿ. ಮೊದಲ ನಾಲ್ಕು ವಾರದ ಮೂರು ಚೀಲದಲ್ಲಿ ಚೌಕಾಸಿ ಮಾಡೋಕೆ ಹೋಗ್ಬೇಡಿ. ಆಮೇಲಿನ ಇಪ್ಪತ್ತು ಚೀಲಕ್ಕೆ ನಿಮ್ಮೂರಲ್ಲಿ ಏನು ಸುಲಭವಾಗಿ ಸಿಗುತ್ತೋ ಅದನ್ನ ಒಣಗಿಸಿ ಬಳಸಿ. ಇವತ್ತಿಗೂ ನಾನು ಇದನ್ನೇ ಮಾಡ್ತಿರೋದು.

ಹಾಸು ಮಾಡೋ ಕೆಲಸ ಏನು?

ಕೋಳಿ ತಿಂದ ಫೀಡಿನ ಎರಡರಷ್ಟು ತೂಕದ ನೀರು ಕುಡಿಯುತ್ತೆ. ದಿನಕ್ಕೆ 60 ಗ್ರಾಂ ತಿನ್ನೋ ಬೆಳೆಯುವ ಕೋಳಿ 120 ಮಿಲಿ ಕುಡಿದರೆ, 200 ಕೋಳಿಗೆ 24 ಲೀಟರ್. ಎರಡು ಬಿಂದಿಗೆ ನೀರು. ಉಸಿರಲ್ಲಿ ಹೋಗೋದು, ಮೈಗೆ ಹಿಡಿಯೋದು ಕಳೆದು ಉಳಿದಿದ್ದೆಲ್ಲ ಹಿಕ್ಕೆ ಜೊತೆ ನೆಲಕ್ಕೇ ಬೀಳುತ್ತೆ, ದಿನಾ. ಆ ನೀರನ್ನ ಹೀರ್ಕೊಂಡು, ಮತ್ತೆ ಗಾಳಿಗೆ ಬಿಟ್ಟು ಒಣಗಬೇಕು. ಹೀರೋದು ಒಂದು ಗುಣ, ಬಿಡೋದು ಇನ್ನೊಂದು ಗುಣ. ಎಷ್ಟೋ ಜನ ಮೊದಲನೇದನ್ನ ಮಾತ್ರ ನೋಡ್ತಾರೆ. ಚೆನ್ನಾಗಿ ಹೀರಿ ಬಿಡದೇ ಕೂತರೆ ಅದು ಒದ್ದೆ ಹಾಸಿಗೆ.

ಜೊತೆಗೆ ಮರಿಗೆ ನೆಲದ ತಂಡಿ ತಾಗದಂಗೆ ತಡೀಬೇಕು. ಮೊದಲ ವಾರ ಬ್ರೂಡರ್ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಬೇಕು ಅಂತ ಬಲ್ಬು ಉರಿಸ್ತೀವಿ, ಕೆಳಗೆ ಹಾಸು ಒದ್ದೆ ಇದ್ರೆ ಮೇಲಿನ ಶಾಖವೆಲ್ಲ ಕೆಳಗೆ ಸೋರಿ ಹೋದಂಗೆ. ಮರಿಗಳು ಒಂದರ ಮೇಲೊಂದು ಗುಂಪು ಬಿದ್ದು ಸಾಯೋದಕ್ಕೆ ಎಷ್ಟೋ ಸಲ ಇದೂ ಒಂದು ಕಾರಣ.

ಭತ್ತದ ಹೊಟ್ಟು

ಇದು ಒಳ್ಳೇದು ಅಂತ ಎಲ್ಲರೂ ಹೇಳೋದರಲ್ಲಿ ಸುಳ್ಳಿಲ್ಲ. ತಮಾಷೆ ಅಂದ್ರೆ ಹೊಟ್ಟು ಅಷ್ಟೇನೂ ನೀರು ಹೀರಲ್ಲ. ಅದರಲ್ಲಿ ಸಿಲಿಕಾ ಜಾಸ್ತಿ, ಮೈ ಗಟ್ಟಿ. ಆದ್ರೆ ಕಾಳುಗಳ ನಡುವೆ ಗಾಳಿ ಆಡುತ್ತೆ, ಕಲಕಿದರೆ ಬೇಗ ಒಣಗುತ್ತೆ, ಸುಲಭಕ್ಕೆ ಹೆಪ್ಪುಗಟ್ಟಲ್ಲ. ಎರಡನೇ ಗುಣದಲ್ಲಿ ಇದು ಗೆಲ್ಲುತ್ತೆ.

ಎಲ್ಲ ಮಿಲ್ಲಿನ ಹೊಟ್ಟೂ ಒಂದೇ ಅಲ್ಲ, ಇದನ್ನ ನೆನಪಿಡಿ. ರಬ್ಬರ್ ರೋಲ್ ಇರೋ ಮಿಲ್ಲಲ್ಲಿ ಹೊಟ್ಟು ಬೇರೆ, ತೌಡು ಬೇರೆ ಬರುತ್ತೆ. ಹಳೇ ಹಲ್ಲರ್ ಮಿಲ್ಲಲ್ಲಿ ಹೊಟ್ಟು ಪುಡಿಯಾಗಿ ತೌಡು, ನುಚ್ಚಿನ ಜೊತೆ ಬೆರೆತು ಬರುತ್ತೆ. ಅದು ಅಗ್ಗ, ಆದ್ರೆ ಧೂಳು, ಬೇಗ ಮುಗ್ಗುತ್ತೆ, ಇಲಿ ಕರೆಯುತ್ತೆ, ಕೋಳಿ ಅದನ್ನೇ ಹೆಕ್ಕಿ ತಿನ್ನುತ್ತೆ. ಮರಿಗೆ ಬೇಡವೇ ಬೇಡ. ಒಂದು ಹಿಡಿ ತಗೊಂಡು ಅಂಗೈ ಮೇಲೆ ಉಜ್ಜಿ ಕೊಡವಿ ನೋಡಿ. ಕೈಗೆ ಜಿಡ್ಡು ಜಿಡ್ಡಾಗಿ ಹಿಟ್ಟು ಅಂಟಿದ್ರೆ ತೌಡು ಇದೆ ಅಂತ ಅರ್ಥ.

ನಾರಿನ ಫ್ಯಾಕ್ಟರಿ ಪುಡಿ

ನಮ್ಮ ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದು ಮನೆ ಬಾಗಿಲಲ್ಲೇ ಇರೋ ವಸ್ತು. ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯೋ ಕಂದು ಪುಡಿ, ಕೋಕೋಪಿಟ್ ಅಂತ ಪ್ಯಾಕೆಟ್ ಮಾಡಿ ಪೇಟೆಯವರಿಗೆ ಮಾರ್ತಾರಲ್ಲ, ಅದೇ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತೆ. ಮೆತ್ತಗಿರುತ್ತೆ, ವಾಸನೆ ಕಡಿಮೆ, ಕೊನೆಗೆ ಗೊಬ್ಬರವಾಗಿ ತೋಟಕ್ಕೇ ವಾಪಸ್ ಬರುತ್ತೆ.

ಸಮಸ್ಯೆ ಇರೋದೂ ಆ ಹೀರೋ ಗುಣದಲ್ಲೇ. ಫ್ಯಾಕ್ಟರಿ ಹಿಂದೆ ಗುಡ್ಡೆ ಬಿದ್ದಿರೋ ಪುಡಿ ಆಗಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತೆ. ತುಂಬಿದ ಹೊಟ್ಟೆಗೆ ನಿಮ್ಮ ಕೋಳಿಯ ನೀರು ಎಲ್ಲಿ ಹಿಡಿಯುತ್ತೆ? ನಾನು ಇದನ್ನ ಕಣದಲ್ಲಿ ಎರಡು ಇಂಚು ದಪ್ಪಕ್ಕೆ ಹರವಿ, ದಿನಕ್ಕೆ ಎರಡು ಸಲ ಮಗುಚಿ, ಒಳ್ಳೆ ಬಿಸಿಲಲ್ಲಿ ಮೂರು ನಾಲ್ಕು ದಿನ ಒಣಗಿಸ್ತೀನಿ. ಸಂಜೆ ಟಾರ್ಪಾಲು ಮುಚ್ಚೋದು ಮರೀಬಾರದು, ಇಬ್ಬನಿಯನ್ನೂ ಕುಡಿದುಬಿಡುತ್ತೆ. ಪೂರ್ತಿ ಒಣಗಿದ ಮೇಲೆ ಧೂಳೇಳುತ್ತೆ, ಹಾಗಾಗಿ ಪುಟ್ಟ ಮರಿಗೆ ಹಾಕಲ್ಲ. ಐದನೇ ವಾರದಿಂದ ಅರ್ಧ ಹೊಟ್ಟು, ಅರ್ಧ ಪುಡಿ ಬೆರೆಸಿ ಹಾಕ್ತೀನಿ. ಪುಡಿ ಹೀರುತ್ತೆ, ಹೊಟ್ಟು ಗಾಳಿ ಆಡಿಸುತ್ತೆ. ಇಪ್ಪತ್ತು ಚೀಲ ಹೊಟ್ಟು ಬೇಕಾದ ಕಡೆ ಹತ್ತರಲ್ಲಿ ಮುಗಿಯುತ್ತೆ.

ಇನ್ನೊಂದು ಕಿವಿಮಾತು: ಈ ಪುಡೀನ ತೂಕದ ಲೆಕ್ಕದಲ್ಲಿ ಕೊಳ್ಳಬೇಡಿ. ಒದ್ದೆ ಇದ್ರೆ ನೀರಿಗೆ ದುಡ್ಡು ಕೊಟ್ಟಂಗೆ. ಚೀಲದ ಲೆಕ್ಕ ಅಥವಾ ಟ್ರಾಕ್ಟರ್ ಲೋಡಿನ ಲೆಕ್ಕ ಮಾತಾಡಿ.

ಶೇಂಗಾ ಸಿಪ್ಪೆ, ಮರದ ಪುಡಿ, ಉಳಿದವು

ಶಿರಾ, ಪಾವಗಡ, ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ ಸಿಗುತ್ತೆ. ಒಣಗಿದ್ದು, ಚೂರು ಮಾಡಿದ್ದು ಆದ್ರೆ ದೊಡ್ಡ ಕೋಳಿಗೆ ಅಡ್ಡಿಯಿಲ್ಲ. ಆದ್ರೆ ತೇವ ತಾಗಿದರೆ ಬೂಷ್ಟು ಹಿಡಿಯೋದರಲ್ಲಿ ಶೇಂಗಾ ಸಿಪ್ಪೆ ಮುಂದು. ಜೊತೆಗೆ ಉಳಿದ ಕಾಳಿನ ಚೂರುಗಳನ್ನ ಕೋಳಿ ಹೆಕ್ಕುತ್ತೆ. ಮುಗ್ಗಿದ ಶೇಂಗಾ ಕಾಳಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ನನ್ನಂಥ ಅನುಭವ ಆದವನು ಅದನ್ನ ಮರಿ ಹತ್ರ ಬಿಡಲ್ಲ.

ಮರದ ಪುಡಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ನಾನು ತಂದಿದ್ದು ಕೆಟ್ಟಿತ್ತು. ಬಡಗಿ ಹತ್ತರಿ ಹೊಡೆದಾಗ ಬರೋ ಒಣ ಸುರುಳಿ ಸಿಪ್ಪೆ ಬಹಳ ಒಳ್ಳೇ ಹಾಸು. ಗರಗಸದ ಸಣ್ಣ ಪುಡಿ ಮಾತ್ರ ಮರಿಗಳಿಗೆ ಬೇಡ. ಅವು ಫೀಡ್ ಅಂತ ತಿಳಿದು ಅದನ್ನೇ ತಿಂದು ಮೇವಿನ ಚೀಲ ಕಟ್ಟಿಕೊಳ್ಳುತ್ತವೆ. ಗೆದ್ದಲು ಔಷಧಿ ಹೊಡೆದ ಮರ, ಪ್ಲೈವುಡ್ ಕೊಯ್ದ ಪುಡಿ ಯಾವ ಕೋಳಿಗೂ ಹಾಕ್ಬೇಡಿ.

ಭತ್ತದ ಹುಲ್ಲನ್ನ ಒಂದೆರಡು ಇಂಚಿಗೆ ಕತ್ತರಿಸಿ ಹಾಕಬಹುದು, ಉದ್ದಕ್ಕೆ ಹಾಕಿದರೆ ಚಾಪೆ ಥರ ಹೆಣೆದುಕೊಂಡು ಕೆಳಗೆ ಕೊಳೆಯುತ್ತೆ. ರಾಗಿ ಹುಲ್ಲು ದನಕ್ಕಿರಲಿ. ಮಲೆನಾಡಿನವರು ಅಡಿಕೆ ಸಿಪ್ಪೆ ಕೇಳ್ತಾರೆ. ಇಡೀ ಸಿಪ್ಪೆ ಒಳಗೆ ಒಣಗಲ್ಲ, ಚೂರು ಮಾಡೋ ಮೆಷಿನ್ ಇದ್ರೆ ಮಾತ್ರ ನೋಡಿ. ತರಗೆಲೆ ಹಿತ್ತಲಿನ ಹತ್ತು ಕೋಳಿಗೆ ಸಾಕು. ಬರೀ ನ್ಯೂಸ್‌ಪೇಪರ್ ಮೇಲೆ ಮರಿ ಬಿಡಬೇಡಿ, ಕಾಲು ಜಾರಿ ಸೀಳಿಕೊಂಡು ನಿಲ್ಲೋಕಾಗದಂಗೆ ಆಗುತ್ತೆ. ಹೊಟ್ಟಿನ ಮೇಲೆ ಮೊದಲ ಎರಡು ದಿನ ಒರಟು ಪೇಪರ್ ಹಾಸಿ ಫೀಡ್ ಚೆಲ್ಲಬಹುದು, ಆಗ ಮರಿ ಹೊಟ್ಟು ತಿನ್ನಲ್ಲ. ಒದ್ದೆಯಾದ ತಕ್ಷಣ ತೆಗೀಬೇಕು.

ಚೀಲ ಗಾಡಿಗೆ ಹಾಕೋ ಮುಂಚೆ

ಚೀಲದ ಬಾಯಲ್ಲಿರೋದನ್ನ ನೋಡಿ ಒಪ್ಪಬೇಡಿ. ಮೊಣಕೈವರೆಗೂ ಕೈ ಒಳಗೆ ತೂರಿಸಿ. ಒಳಗೆ ಬೆಚ್ಚಗಿದ್ರೆ ಕೊಳೆಯೋಕೆ ಶುರುವಾಗಿದೆ. ಒಂದು ಹಿಡಿ ಮೂಸಿ ನೋಡಿ, ಮುಗ್ಗಲು ವಾಸನೆ ಬಂದ್ರೆ ಬಿಟ್ಟುಬಿಡಿ, ಬಿಸಿಲಿಗೆ ಹಾಕಿದ್ರೂ ಬೀಜಾಣು ಸಾಯುತ್ತೆ ಅಂತ ನಂಬಬೇಡಿ. ಅನುಮಾನ ಇದ್ರೆ ಎರಡು ಹಿಡಿ ಪಾರದರ್ಶಕ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಗಟ್ಟಿಯಾಗಿ ಕಟ್ಟಿ, ಒಂದು ಗಂಟೆ ಬಿಸಿಲಲ್ಲಿಡಿ. ಕವರ್ ಒಳಗೆ ಬೆವರಿನ ಹನಿ ಕಟ್ಟಿದರೆ ಒಣಗಿಲ್ಲ. ಖರ್ಚಿಲ್ಲದ ಪರೀಕ್ಷೆ.

ಫೋಟೋ ನೋಡಿ ಫೋನಲ್ಲೇ ಆರ್ಡರ್ ಮಾಡೋ ಅಭ್ಯಾಸ ನಮ್ಮ ವಯಸ್ಸಿನವರಿಗೆ ಬಂದುಬಿಟ್ಟಿದೆ. ಫೋಟೋದಲ್ಲಿ ತೇವ ಕಾಣಲ್ಲ, ವಾಸನೆ ಬರಲ್ಲ. ಒಂದ್ಸಲ ಹೋಗಿ ಬನ್ನಿ. ಮಳೆಗಾಲ ಶುರುವಾದ ಮೇಲೆ ಒಣ ಹೊಟ್ಟಿಗೆ ಎಲ್ಲರೂ ಮುಗಿಬೀಳ್ತಾರೆ, ಆದ್ದರಿಂದ ಬೇಸಿಗೆಯಲ್ಲೇ ತಂದು, ನೆಲಕ್ಕೆ ತಾಗದಂಗೆ ಹಲಗೆ ಮೇಲೆ ಒಟ್ಟಿಟ್ಟುಕೊಳ್ಳೋದು ವಾಸಿ.

ಹಾಸಿದ ಮೇಲೆ

ಸರಿಯಾದ ಹಾಸಲ್ಲಿ ನೂರಕ್ಕೆ 20ರಿಂದ 25 ಭಾಗ ತೇವ ಇರಬೇಕು. ಮೀಟರ್ ಬೇಡ, ಮುಷ್ಟಿ ಸಾಕು. ಒಂದು ಹಿಡಿ ಬಿಗಿಯಾಗಿ ಹಿಂಡಿ ಬಿಡಿ. ಉಂಡೆಯಾಗೇ ಉಳಿದರೆ ಒದ್ದೆ ಜಾಸ್ತಿ. ಸ್ವಲ್ಪ ಅಂಟಿ ಆಮೇಲೆ ಉದುರಿದರೆ ಚೆನ್ನಾಗಿದೆ. ಅಂಟದೇ ಧೂಳಾಗಿ ಹಾರಿದರೆ ತೀರಾ ಒಣಗಿದೆ.

ನಾನು ಬೆಳಿಗ್ಗೆ ಆರಕ್ಕೆ ಫೋನಲ್ಲಿ ಅಲಾರಂ ಇಟ್ಟುಕೊಂಡು ದಿನ ಬಿಟ್ಟು ದಿನ ಕಲಕ್ತೀನಿ, ಮಳೆಗಾಲದಲ್ಲಿ ದಿನಾ. ಕಲಕುವಾಗ ಪರದೆ ಎತ್ತಿರಬೇಕು. ಡ್ರಿಂಕರ್ ಸುತ್ತ ಹೆಪ್ಪುಗಟ್ಟಿದ್ದನ್ನ ಒಡೆದು ಬೆರೆಸೋಕೆ ಹೋಗಬೇಡಿ, ಎತ್ತಿ ಹೊರಗೆ ಹಾಕಿ ಅಷ್ಟು ಜಾಗಕ್ಕೆ ಹೊಸದು ಹಾಕಿ. ಅರ್ಧ ರೋಗ ಈ ಡ್ರಿಂಕರ್ ಸುತ್ತಲ ಜಾಗದ್ದೇ. ಡ್ರಿಂಕರ್ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಇರಲಿ, ಕೋಳಿ ಬೆಳೆದಂಗೆ ವಾರಕ್ಕೊಮ್ಮೆ ಮೇಲೆ ಕಟ್ಟಿ. ಎಷ್ಟು ಒಳ್ಳೆ ಹೊಟ್ಟು ತಂದರೂ ಸೋರೋ ಡ್ರಿಂಕರ್ ಮುಂದೆ ಅದರ ಆಟ ನಡೆಯಲ್ಲ.

ವಾಸನೆ ನೋಡಬೇಕಾದ್ರೆ ನಿಂತು ನೋಡಬೇಡಿ, ಕುಕ್ಕರಗಾಲಲ್ಲಿ ಕೂತು ಕೋಳಿಯ ಎತ್ತರದಲ್ಲಿ ಉಸಿರಾಡಿ. ಅಲ್ಲಿ ಕಣ್ಣುರಿದರೆ ಅಮೋನಿಯಾ ಆಗಲೇ ಜಾಸ್ತಿಯಾಗಿದೆ. ಆಗ ನಮ್ಮ ಕಡೆ ಎಲ್ಲರೂ ಸುಣ್ಣ ಎರಚ್ತಾರೆ. ಸುಣ್ಣ ತೇವ ಎಳೆಯುತ್ತೆ ನಿಜ, ಆದ್ರೆ ಹಿಕ್ಕೆ ಜೊತೆ ಸೇರಿದಾಗ ಮೊದಲು ಅಮೋನಿಯಾ ಇನ್ನೂ ಜಾಸ್ತಿ ಏಳುತ್ತೆ. ಹಾಗಾಗಿ ಸುಣ್ಣ ಹಾಕೋದಾದ್ರೆ ಹಾಸು ಹಾಕೋ ಮುಂಚೆ ಖಾಲಿ ನೆಲಕ್ಕೆ ಹಾಕಿ. ಕೋಳಿ ಇರುವಾಗ ವಾಸನೆ ಬಂದರೆ ಪರದೆ ಎತ್ತಿ, ಒದ್ದೆ ಹಾಸು ತೆಗೀರಿ.

ಮೂರು ವಾರ ದಾಟಿದ ಮರಿಗಳು ರೆಕ್ಕೆ ಇಳಿಬಿಟ್ಟು ಮಂಕಾಗಿ ನಿಂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ, ಕಾಕ್ಸಿಡಿಯೋಸಿಸ್ ಇರಬಹುದು. ಇದಕ್ಕೂ ಹಾಸಿಗೂ ನೇರ ಸಂಬಂಧ. ಹಿಕ್ಕೆಯಲ್ಲಿ ಹೊರಬೀಳೋ ಆ ಪರಾವಲಂಬಿಯ ಮೊಟ್ಟೆಯಂಥ ಕೋಶಕ್ಕೆ ಬಿದ್ದ ತಕ್ಷಣ ರೋಗ ಹರಡೋ ಶಕ್ತಿ ಇರಲ್ಲ. ತೇವ, ಬಿಸಿ, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತೆ. ಒಣ ಹಾಸಲ್ಲಿ ಬಲಿಯೋದು ಕಡಿಮೆ. ಹಿಕ್ಕೆಯ ಫೋಟೋ, ಮರಿ ನಿಂತಿರೋ ವಿಡಿಯೋ ತೆಗೆದು ಅವತ್ತೇ ಪಶುವೈದ್ಯರಿಗೆ ತೋರಿಸಿ. ಫೋನಿನ ಉಪಯೋಗ ಇಂಥ ಕಡೆ ಇದೆ. ಔಷಧಿಯನ್ನ ಮಾತ್ರ ನೀವೇ ಅಂದಾಜಿನ ಮೇಲೆ ತರಬೇಡಿ.

ಬ್ಯಾಚ್ ಮುಗಿದ ಮೇಲೆ ಬರೋ ಗೊಬ್ಬರ

ಹಾಸಿನ ಖರ್ಚನ್ನ ಖರ್ಚು ಅಂತ ಮಾತ್ರ ಬರೆದಿಡೋದು ತಪ್ಪು. ಡೀಪ್ ಲಿಟ್ಟರ್ ಗೊಬ್ಬರದಲ್ಲಿ ಸುಮಾರು 3 ಭಾಗ ಸಾರಜನಕ, 2 ಭಾಗ ರಂಜಕ, 2 ಭಾಗ ಪೊಟ್ಯಾಷ್ ಇರುತ್ತೆ. ನಾನು ಅದನ್ನ ತೋಟದ ಮೂಲೆಯಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಎರಡು ಮೂರು ಸಲ ಮಗುಚಿ, ಶಾಖ ಇಳಿದ ಮೇಲೆ ತೆಂಗಿನ ಪಾತಿಗೆ ಹಾಕ್ತೀನಿ. ಹಸಿಯಾಗಿ ಬುಡಕ್ಕೆ ಸುರಿದರೆ ಬೇರು ಸುಡುತ್ತೆ. ನಾರಿನ ಪುಡಿ ಒಂದೇ ಇದ್ದಾಗ ವರ್ಷಗಟ್ಟಲೆ ಕೊಳೆಯದೇ ಬಿದ್ದಿರುತ್ತೆ, ಕೋಳಿ ಹಿಕ್ಕೆ ಬೆರೆತ ಮೇಲೆ ಬೇಗ ಕಳಿಯುತ್ತೆ. ಹೋದ ವರ್ಷ ಅಂಗಡಿಯಿಂದ ತರೋ ಗೊಬ್ಬರದ ಚೀಲ ಎರಡು ಕಡಿಮೆ ಆಯ್ತು, ಅದನ್ನೂ ಹೊಟ್ಟಿನ ಲೆಕ್ಕದಲ್ಲೇ ಕಳೆದೆ.

ಎರಡು ಎಚ್ಚರಿಕೆ. ರೋಗ ಬಂದ ಬ್ಯಾಚಿನ ಹಾಸನ್ನ ಮುಂದಿನ ಬ್ಯಾಚಿಗೆ ಉಳಿಸಿಕೊಳ್ಳಬೇಡಿ, ಎಷ್ಟು ಚೆನ್ನಾಗಿ ಕಂಡರೂ. ಮತ್ತೆ ಸತ್ತ ಕೋಳಿಯನ್ನ ಈ ರಾಶಿಗೆ ಎಸೀಬೇಡಿ, ಗುಂಡಿ ತೋಡಿ ಹೂಳಿ. ಹೆಣ ಸೇರಿದ ಲಿಟ್ಟರನ್ನ ದನ ಮೂಸಿ ಮೆಲುಕಿದರೆ ಬಾಟ್ಯುಲಿಸಂ ಅನ್ನೋ ವಿಷಬಾಧೆಯಿಂದ ಕಾಲು ಸೋತು ಬಿದ್ದು ಸಾಯುತ್ತೆ. ರಾಶಿಗೆ ಬೇಲಿ ಇರಲಿ.

ಮುಂದಿನ ವಾರ ನನಗೆ ಹೊಸ ಮರಿ ಬರ್ತಿದೆ. ಬ್ರೂಡರಿಗೆ ಮೂರರ ಬದಲು ನಾಲ್ಕು ಚೀಲ ಹೊಟ್ಟು ಹೇಳಿದ್ದೆ, ಉಳಿದ ಹತ್ತು ಚೀಲ ಆಮೇಲಕ್ಕೆ. ಮೊನ್ನೆ ಗಾಡಿ ಬಂದಾಗ ನಾನು ಬಾಡಿಗೆ ಮಾತಾಡ್ತಾ ನಿಂತಿದ್ದೆ, ಅಷ್ಟರಲ್ಲಿ ಅಮ್ಮ ಹೋಗಿ ಒಂದೊಂದೇ ಚೀಲ ಬಿಚ್ಚಿಸಿ ಮೊಣಕೈವರೆಗೂ ಕೈ ತೂರಿಸಿ ನೋಡ್ತಿದ್ಲು. ಎರಡು ಚೀಲ ವಾಪಸ್ ಹೋದವು.